ಡೊಮೇನ್‌ನಿಂದ ಬ್ಯಾಕಪ್‌ವರೆಗೆ: ಮೊದಲ ಸಲ ಕನ್ನಡ ಜಾಲತಾಣ ಮಾಡುವವರಿಗೆ ಹೋಸ್ಟಿಂಗ್ ಪದಗಳ ಸಮಗ್ರ ಮಾರ್ಗದರ್ಶಿ

ಜಾಲತಾಣ ಮಾಡಿಸಬೇಕೆಂದು ವಿಚಾರಿಸಲು ಹೋದವರಿಗೆ ಮೊದಲ ಐದು ನಿಮಿಷದಲ್ಲೇ ಡೊಮೇನ್, ಹೋಸ್ಟಿಂಗ್, ನೇಮ್‌ಸರ್ವರ್, ಎಸ್‌ಎಸ್‌ಎಲ್, ಬ್ಯಾಂಡ್‌ವಿಡ್ತ್ ಎಂಬ ಪದಗಳು ಸಾಲಾಗಿ ಎದುರಾಗುತ್ತವೆ. ಬಹಳ ಮಂದಿ ಅಲ್ಲಿಗೇ ಸೋತು, ‘ಅದೆಲ್ಲ ನೀವೇ ನೋಡಿಕೊಳ್ಳಿ’ ಎಂದು ಹಣ ಕೊಟ್ಟು ಬರುತ್ತಾರೆ. ಎರಡು ಮೂರು ವರ್ಷ ಎಲ್ಲವೂ ಸರಿಯಾಗಿಯೇ ನಡೆಯುತ್ತದೆ. ಆಮೇಲೊಂದು ದಿನ ತಾಣ ತೆರೆಯುವುದಿಲ್ಲ. ಮಾಡಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೇರೆ ಊರಿಗೆ ಹೋಗಿರುತ್ತಾನೆ. ಡೊಮೇನ್ ಅವನ ಹೆಸರಿನಲ್ಲಿ, ಪಾಸ್‌ವರ್ಡ್ ಅವನ ಇಮೇಲ್‌ನಲ್ಲಿ. ಸಣ್ಣ ಪತ್ರಿಕೆಗಳು, ಸಾಹಿತ್ಯ ಸಂಘಗಳು, ಊರಿನ ಗ್ರಂಥಾಲಯಗಳು ಅಕ್ಕರೆಯಿಂದ ಕಟ್ಟಿದ ಎಷ್ಟೋ ಕನ್ನಡ ತಾಣಗಳು ಕಣ್ಮರೆಯಾಗಿರುವುದು ಹೀಗೆಯೇ. ಅವುಗಳ ಜೊತೆ ಬೇರೆಲ್ಲೂ ಸಿಗದ ಬರಹಗಳೂ ಹೋಗಿವೆ.

ಇದನ್ನು ತಪ್ಪಿಸಲು ಕಂಪ್ಯೂಟರ್ ಪದವಿ ಬೇಕಿಲ್ಲ. ಡೊಮೇನ್ (ತಾಣದ ಹೆಸರು), ಡಿಎನ್‌ಎಸ್ (ಆ ಹೆಸರನ್ನು ಸರ್ವರ್‌ಗೆ ಜೋಡಿಸುವ ವ್ಯವಸ್ಥೆ), ಹೋಸ್ಟಿಂಗ್ (ತಾಣವನ್ನು ಇಡುವ ಜಾಗ) ಈ ಮೂರೂ ಬೇರೆ ಬೇರೆ ವಸ್ತುಗಳು, ಮೂರಕ್ಕೂ ಬೇರೆ ಬೇರೆ ಖಾತೆ ಇರಬಹುದು, ಮೂರರ ಕೀಲಿಯೂ ನಿಮ್ಮ ಬಳಿಯೇ ಇರಬೇಕು. ಇಷ್ಟು ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ಇದರ ಸುತ್ತಲೇ ಬರುತ್ತದೆ. ತಾಲ್ಲೂಕು ಕೇಂದ್ರದ ಒಂದು ಕನ್ನಡ ಸಂಘ ತನ್ನ ಹಳೆಯ ಸಂಚಿಕೆಗಳನ್ನೂ ಕಾರ್ಯಕ್ರಮಗಳ ವಿವರವನ್ನೂ ಜಾಲಕ್ಕೆ ಹಾಕಲು ಹೊರಟಿದೆ ಎಂದುಕೊಳ್ಳೋಣ. ಆ ಸಂಘದ ಕಾರ್ಯದರ್ಶಿಯ ಪಕ್ಕದಲ್ಲಿ ಕುಳಿತು ಹೇಳಿದಂತೆ ಒಂದೊಂದೇ ಹೆಜ್ಜೆ ಹೇಳುತ್ತೇನೆ. ವಿಳಾಸಕ್ಕೆ ‘ನಿಮ್ಮಹೆಸರು.ಇನ್’ ಎಂದು ಇಟ್ಟುಕೊಳ್ಳೋಣ.

ಎಂಟರ್ ಒತ್ತಿದಾಗ ನಡೆಯುವುದೇನು

ಮೊದಲಿಗೆ ಅಂತರ್ಜಾಲ ಮತ್ತು ವೆಬ್ ಒಂದೇ ಅಲ್ಲ. ಅಂತರ್ಜಾಲವೆಂದರೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿರುವ ಜಾಲ; ಅದರ ತಳಪಾಯವಾದ ಟಿಸಿಪಿ/ಐಪಿ ನಿಯಮಾವಳಿಗೆ ಅಮೆರಿಕದ ಆರ್ಪಾನೆಟ್ ಎಂಬ ಆರಂಭದ ಜಾಲ ಬದಲಾದದ್ದು 1983ರ ಜನವರಿ 1ರಂದು. ವೆಬ್ ಆ ಜಾಲದ ಮೇಲೆ ನಡೆಯುವ ಒಂದು ಸೇವೆ. ಅದನ್ನು 1989ರಲ್ಲಿ ಪ್ರಸ್ತಾಪಿಸಿದವರು ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ. ಇಮೇಲ್ ಕೂಡ ಅದೇ ಜಾಲದ ಮೇಲಿನ ಇನ್ನೊಂದು ಸೇವೆ. ತಾಣ ಬಿದ್ದಾಗಲೂ ಇಮೇಲ್ ಬರುತ್ತಿರಬಹುದು, ಇಮೇಲ್ ನಿಂತಾಗಲೂ ತಾಣ ತೆರೆಯಬಹುದು ಎಂಬುದಕ್ಕೆ ಕಾರಣ ಇದೇ.

ಸರ್ವರ್ ಎಂದರೆ ಕೇಳಿದವರಿಗೆ ಪುಟ ಕೊಡಲು ಹಗಲಿರುಳು ಎಚ್ಚರವಾಗಿರುವ ಕಂಪ್ಯೂಟರ್. ಜಗತ್ತಿನ ಮೊದಲ ವೆಬ್ ಸರ್ವರ್ ಬರ್ನರ್ಸ್-ಲೀ ಅವರ ಮೇಜಿನ ಮೇಲಿದ್ದ ಒಂದು ನೆಕ್ಸ್ಟ್ ಕಂಪ್ಯೂಟರ್. ‘ಈ ಯಂತ್ರ ಸರ್ವರ್, ಇದನ್ನು ಆರಿಸಬೇಡಿ’ ಎಂದು ಬರೆದ ಚೀಟಿಯನ್ನು ಅದಕ್ಕೆ ಅಂಟಿಸಿದ್ದರು. ಆ ಚೀಟಿ ಹೇಳುವ ಕೆಲಸವನ್ನು ದುಡ್ಡು ಪಡೆದು ಮಾಡುವುದೇ ಹೋಸ್ಟಿಂಗ್. ನಿಮ್ಮ ಮನೆಯ ಕಂಪ್ಯೂಟರ್‌ನಲ್ಲೂ ಸರ್ವರ್ ನಡೆಸಬಹುದು. ಆದರೆ ಕರೆಂಟು ಹೋದರೆ ತಾಣವೂ ಹೋಗುತ್ತದೆ.

ನೀವು ಬ್ರೌಸರ್‌ನಲ್ಲಿ ವಿಳಾಸ ಬರೆದು ಎಂಟರ್ ಒತ್ತಿದಾಗ ಮೂರು ಕೆಲಸ ನಡೆಯುತ್ತವೆ. ಬ್ರೌಸರ್ ಮೊದಲು ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ‘ಈ ಹೆಸರಿನ ಐಪಿ ವಿಳಾಸ ಯಾವುದು’ ಎಂದು ಕೇಳುತ್ತದೆ, 203.0.113.25 ಎಂಬಂತಹ ಸಂಖ್ಯೆ ಉತ್ತರವಾಗಿ ಬರುತ್ತದೆ. ಆ ಸಂಖ್ಯೆಯ ಸರ್ವರ್‌ನ ಬಾಗಿಲು ತಟ್ಟಿ ಇಂಥ ಪುಟ ಬೇಕು ಎನ್ನುತ್ತದೆ. ಸರ್ವರ್ ಪುಟ ಕಳುಹಿಸುತ್ತದೆ, ಬ್ರೌಸರ್ ಅದನ್ನು ತೆರೆಯ ಮೇಲೆ ಹರಡುತ್ತದೆ. ಎಲ್ಲವೂ ಸಾಮಾನ್ಯವಾಗಿ ಒಂದು ಸೆಕೆಂಡಿನೊಳಗೆ.

ಹಳೆಯ ಮಾದರಿಯ ಐಪಿ ವಿಳಾಸಗಳು, ಅಂದರೆ ಐಪಿವಿ4, ಇರುವುದೇ ಸುಮಾರು 430 ಕೋಟಿ. ಅವುಗಳ ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನು 2011ರ ಫೆಬ್ರುವರಿಯಲ್ಲಿ ಹಂಚಿ ಮುಗಿಸಲಾಯಿತು. ಹಾಗಾಗಿ ಇನ್ನೂ ಉದ್ದದ ಐಪಿವಿ6 ವಿಳಾಸಗಳು ಬಳಕೆಗೆ ಬಂದಿವೆ. ಹೋಸ್ಟಿಂಗ್ ಕಂಪನಿ ನಿಮಗೆ ಎರಡನ್ನೂ ಕೊಡಬಹುದು.

ಒಂದು ವಿಳಾಸವನ್ನು ಬಿಡಿಸಿ ಓದುವುದು

ಕನ್ನಡ ವಿಕಿಪೀಡಿಯದ ಮೈಸೂರು ಲೇಖನದ ವಿಳಾಸವನ್ನೇ ತೆಗೆದುಕೊಳ್ಳಿ. ಪೂರ್ತಿ ಸಾಲಿಗೆ ಯುಆರ್‌ಎಲ್ ಎಂದು ಹೆಸರು. ಆರಂಭದ ‘ಎಚ್‌ಟಿಟಿಪಿಎಸ್’ ಎಂಬುದು ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ರೀತಿ. ಕೊನೆಯ ‘ಎಸ್’ ಇದ್ದರೆ ಆ ಮಾತು ಗುಪ್ತಲಿಪಿಯಲ್ಲಿ ನಡೆಯುತ್ತದೆ. ಆಮೇಲೆ ಬರುವುದು ‘ಕೆಎನ್.ವಿಕಿಪೀಡಿಯ.ಆರ್ಗ್’. ಇದನ್ನು ಬಲದಿಂದ ಎಡಕ್ಕೆ ಓದಬೇಕು. ‘ಆರ್ಗ್’ ಮೇಲ್ಮಟ್ಟದ ಡೊಮೇನ್, ‘ವಿಕಿಪೀಡಿಯ’ ನೋಂದಾಯಿಸಿದ ಹೆಸರು, ‘ಕೆಎನ್’ ಅದರ ಉಪಡೊಮೇನ್. ಕೆಎನ್ ಕನ್ನಡದ ಭಾಷಾ ಸಂಕೇತ. ತಮಿಳಿಗೆ ಟಿಎ, ತೆಲುಗಿಗೆ ಟಿಇ. ಒಮ್ಮೆ ಡೊಮೇನ್ ನಿಮ್ಮದಾದರೆ ಉಪಡೊಮೇನ್‌ಗಳಿಗೆ ಬೇರೆ ಹಣ ಕೊಡಬೇಕಿಲ್ಲ. ‘ಸಂಚಿಕೆ.ನಿಮ್ಮಹೆಸರು.ಇನ್’ ಬೇಕಾದರೆ ನೀವೇ ಮಾಡಿಕೊಳ್ಳಬಹುದು. ಅದಕ್ಕೂ ಶುಲ್ಕ ಕೇಳುವವರಿದ್ದರೆ ಏಕೆಂದು ಕೇಳಿ.

ಬಲದಿಂದ ಓದುವ ಈ ಅಭ್ಯಾಸ ಮೋಸದಿಂದಲೂ ಕಾಪಾಡುತ್ತದೆ. ಬ್ಯಾಂಕಿನ ಹೆಸರು ವಿಳಾಸದ ಎಡತುದಿಯಲ್ಲಿದ್ದು, ಬಲದಲ್ಲಿ ಗೊತ್ತಿಲ್ಲದ ಡೊಮೇನ್ ಇದ್ದರೆ ಆ ಪುಟ ಬ್ಯಾಂಕಿನದ್ದಲ್ಲ.

ಮೊದಲ ಹೆಜ್ಜೆ: ಡೊಮೇನ್ ನಿಮ್ಮ ಹೆಸರಿನಲ್ಲೇ ಇರಲಿ

ಡೊಮೇನನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. 1ರಿಂದ 10 ವರ್ಷದವರೆಗೆ ನೋಂದಾಯಿಸುತ್ತೇವೆ, ಆಮೇಲೆ ನವೀಕರಿಸುತ್ತೇವೆ. ಇಲ್ಲಿ ಮೂರು ಪಾತ್ರಗಳಿವೆ. ಹೆಸರುಗಳ ಮೂಲ ದಾಖಲೆ ಇಡುವುದು ರಿಜಿಸ್ಟ್ರಿ: ‘.ಇನ್’ಗೆ ಭಾರತದ ನಿಕ್ಸಿ ಸಂಸ್ಥೆ, ‘.ಕಾಂ’ಗೆ ಅಮೆರಿಕದ ವೆರಿಸೈನ್. ನಿಮಗೆ ಮಾರುವ ಅಂಗಡಿ ರಿಜಿಸ್ಟ್ರಾರ್. ಯಾರ ಹೆಸರಿಗೆ ನೋಂದಣಿಯಾಗಿದೆಯೋ ಅವರು ರಿಜಿಸ್ಟ್ರಂಟ್. ಈ ಮೂರನೆಯ ಜಾಗದಲ್ಲಿ ಸಂಘದ ಹೆಸರೇ ಇರಬೇಕು. ಜಮೀನು ಉಳುವವರು ಯಾರೇ ಆಗಲಿ, ಪಹಣಿ ಯಾರ ಹೆಸರಿನಲ್ಲಿದೆ ಎಂಬುದೇ ಕೊನೆಗೆ ಲೆಕ್ಕಕ್ಕೆ ಬರುವಂತೆ, ತಾಣ ಕಟ್ಟಿದವರು ಯಾರೆಂಬುದು ಇಲ್ಲಿ ನಿಲ್ಲುವುದಿಲ್ಲ.

ರಿಜಿಸ್ಟ್ರಾರ್ ಬಳಿ ಖಾತೆ ತೆರೆಯುವಾಗ ನಾಲ್ಕು ವಿಷಯ ಗಮನಿಸಿ. ಖಾತೆಯ ಇಮೇಲ್ ಅದೇ ಡೊಮೇನ್‌ನದ್ದಾಗಿರಬಾರದು. ಡೊಮೇನ್ ಅವಧಿ ಮುಗಿದರೆ ಆ ಇಮೇಲೂ ನಿಲ್ಲುತ್ತದೆ. ‘ನವೀಕರಿಸಿ’ ಎಂಬ ಎಚ್ಚರಿಕೆಯೇ ನಿಮಗೆ ತಲುಪದು. ಸಂಘಕ್ಕೆಂದೇ ಒಂದು ಜಿಮೇಲ್ ಖಾತೆ ಮಾಡಿ, ಅದರ ಪಾಸ್‌ವರ್ಡ್ ಅಧ್ಯಕ್ಷರ ಬಳಿಯೂ ಕಾರ್ಯದರ್ಶಿಯ ಬಳಿಯೂ ಇರಲಿ. ಎರಡನೆಯದು, ಎರಡು ಹಂತದ ಲಾಗಿನ್ ಚಾಲೂ ಮಾಡಿ. ಮೂರನೆಯದು, ಡೊಮೇನ್ ಲಾಕ್ ಹಾಕಿರಲಿ. ಅದಿದ್ದರೆ ನಿಮ್ಮ ಒಪ್ಪಿಗೆ ಇಲ್ಲದೆ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸಲಾಗದು. ನಾಲ್ಕನೆಯದು ಬೆಲೆ. ಮೊದಲ ವರ್ಷದ ದರ ಜಾಹೀರಾತಿಗೆ, ಎರಡನೆಯ ವರ್ಷದ ದರ ನಿಮ್ಮ ಜೇಬಿಗೆ. ನವೀಕರಣ ದರವನ್ನೂ 18% ಜಿಎಸ್‌ಟಿಯನ್ನೂ ಸೇರಿಸಿ ಹೋಲಿಸಿ. ಸಂಘದ ಬಳಿ ಹಣವಿರುವ ವರ್ಷ ಐದು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಡುವುದು ನನಗೆ ಸರಿ ಕಾಣುತ್ತದೆ. ಪದಾಧಿಕಾರಿಗಳು ಬದಲಾದರೂ ಹೆಸರು ಉಳಿಯುತ್ತದೆ.

ಅವಧಿ ಮುಗಿದ ಕ್ಷಣವೇ ಹೆಸರು ಕೈತಪ್ಪುವುದಿಲ್ಲ. ‘.ಕಾಂ’ ಹೆಸರುಗಳಿಗೆ ರಿಜಿಸ್ಟ್ರಾರ್ ಕೆಲವು ವಾರಗಳ ರಿಯಾಯಿತಿ ಕೊಡಬಹುದು. ಅದೂ ಕಳೆದು ಹೆಸರು ಅಳಿಸುವ ಹಂತಕ್ಕೆ ಹೋದರೆ 30 ದಿನ ಬಿಡಿಸಿಕೊಳ್ಳುವ ಅವಕಾಶ, ಅದಕ್ಕೆ ಭಾರಿ ದಂಡ. ಕೊನೆಗೆ 5 ದಿನ ಕಾದು ಹೆಸರು ಎಲ್ಲರಿಗೂ ಮುಕ್ತವಾಗುತ್ತದೆ. ಹೀಗೆ ಬಿಡುಗಡೆಯಾಗುವ ಹೆಸರುಗಳನ್ನು ಕಾದು ಹಿಡಿಯುವ ವ್ಯಾಪಾರವೇ ಇದೆ. ಒಂದು ಕಾಲಕ್ಕೆ ಕವಿತೆಗಳಿದ್ದ ವಿಳಾಸದಲ್ಲಿ ಇಂದು ಜೂಜಿನ ಜಾಹೀರಾತು ಕಾಣುವುದಕ್ಕೆ ಕಾರಣ ಇದು.

ಕನ್ನಡ ಲಿಪಿಯಲ್ಲೇ ವಿಳಾಸ ಬೇಕೆಂದರೆ ‘.ಭಾರತ’ ಇದೆ, ಅದನ್ನೂ ನಿಕ್ಸಿ ನೋಡಿಕೊಳ್ಳುತ್ತದೆ. ತೆರೆಯ ಮೇಲೆ ಕನ್ನಡವಾಗಿ ಕಂಡರೂ ಡಿಎನ್‌ಎಸ್ ಒಳಗೆ ಅದು ಪ್ಯುನಿಕೋಡ್ ಎಂಬ ರೋಮನ್ ಅಕ್ಷರಗಳ ರೂಪಕ್ಕೆ ಬದಲಾಗಿ ಓಡಾಡುತ್ತದೆ. ಇದು ಹೆಚ್ಚು ಹೆಚ್ಚು ಬಳಕೆಗೆ ಬರಲಿ ಎಂಬುದು ನನ್ನ ಆಸೆ. ಆದರೆ ಕೆಲವು ಆನ್‌ಲೈನ್ ಅರ್ಜಿಗಳು, ಕೆಲವು ಇಮೇಲ್ ಸೇವೆಗಳು ಇಂಥ ವಿಳಾಸವನ್ನು ಇನ್ನೂ ಒಪ್ಪುವುದಿಲ್ಲ. ಸದ್ಯಕ್ಕೆ ‘.ಇನ್’ ಅಥವಾ ‘.ಕಾಂ’ ಮುಖ್ಯ ವಿಳಾಸವಾಗಿರಲಿ, ಕನ್ನಡದ ವಿಳಾಸ ಅಲ್ಲಿಗೇ ಕರೆತರುವಂತಿರಲಿ.

ಎರಡನೆಯ ಹೆಜ್ಜೆ: ಹೋಸ್ಟಿಂಗ್ ಆರಿಸುವುದು

ಮೊದಲು ನಿಮ್ಮ ತಾಣ ಯಾವ ಬಗೆಯದ್ದು ಎಂದು ನಿರ್ಧರಿಸಿ. ಪುಟಗಳು ಮೊದಲೇ ಸಿದ್ಧವಾಗಿದ್ದು, ಕೇಳಿದಾಗ ಹಾಗೆಯೇ ಕೊಟ್ಟುಬಿಡುವುದಾದರೆ ಅದು ಸ್ಟ್ಯಾಟಿಕ್ ತಾಣ. ಕೇಳಿದಾಗಲೆಲ್ಲ ಡೇಟಾಬೇಸ್‌ನಿಂದ ಬರಹ ತೆಗೆದು ಪುಟ ಕಟ್ಟಿ ಕೊಡುವುದಾದರೆ ಡೈನಾಮಿಕ್. 2003ರಲ್ಲಿ ಬಂದ, ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಎರಡನೆಯ ಬಗೆಗೆ ಸೇರಿದ್ದು. ಪಿಎಚ್‌ಪಿ ಎಂಬ ಭಾಷೆಯಲ್ಲಿ ಬರೆದಿರುವ ಅದು ಮೈಎಸ್‌ಕ್ಯುಎಲ್ ಅಥವಾ ಅದರ ಸೋದರ ಮರಿಯಾಡಿಬಿ ಡೇಟಾಬೇಸ್‌ನಲ್ಲಿ ಬರಹಗಳನ್ನು ಇಡುತ್ತದೆ.

ನಾಲ್ಕಾರು ಮಂದಿ ಆಗಾಗ ಬರೆದು ಹಾಕುವುದಾದರೆ ವರ್ಡ್‌ಪ್ರೆಸ್ ಅನುಕೂಲ. ಹಳೆಯ ಸಂಚಿಕೆಗಳ ಸಂಗ್ರಹ, ವರ್ಷಕ್ಕೊಮ್ಮೆ ಬದಲಾಗುವ ಪದಾಧಿಕಾರಿಗಳ ಪಟ್ಟಿ ಇಷ್ಟೇ ಆದರೆ ಸ್ಟ್ಯಾಟಿಕ್ ತಾಣವೇ ಮೇಲು ಎಂದು ಗಟ್ಟಿಯಾಗಿ ಹೇಳುತ್ತೇನೆ. ಡೇಟಾಬೇಸ್ ಇಲ್ಲ, ತಿಂಗಳಿಗೊಮ್ಮೆ ಪ್ಲಗಿನ್‌ಗಳನ್ನು (ವರ್ಡ್‌ಪ್ರೆಸ್‌ಗೆ ಸೇರಿಸುವ ಹೆಚ್ಚುವರಿ ತಂತ್ರಾಂಶಗಳನ್ನು) ಅಪ್‌ಡೇಟ್ ಮಾಡುವ ಕೆಲಸವಿಲ್ಲ, ಹ್ಯಾಕ್ ಆಗುವ ದಾರಿಗಳೂ ಕಡಿಮೆ. ಹತ್ತು ವರ್ಷ ಯಾರೂ ಮುಟ್ಟದಿದ್ದರೂ ತೆರೆಯುತ್ತದೆ. ಗಿಟ್‌ಹಬ್ ಪೇಜಸ್ ಎಂಬ ಸೇವೆ ಇಂಥ ತಾಣಗಳನ್ನು ಉಚಿತವಾಗಿ ಇಟ್ಟುಕೊಳ್ಳುತ್ತದೆ; ತಾಣದ ಗಾತ್ರಕ್ಕೆ 1 ಜಿಬಿ, ತಿಂಗಳ ಸಾಗಣೆಗೆ ಸುಮಾರು 100 ಜಿಬಿ ಮಿತಿ. ನಿಮ್ಮದೇ ಡೊಮೇನನ್ನು ಅದಕ್ಕೆ ಜೋಡಿಸಬಹುದು.

ಹಣ ಕೊಟ್ಟು ಪಡೆಯುವ ಹೋಸ್ಟಿಂಗ್‌ನಲ್ಲಿ ಶೇರ್ಡ್ ಎಂದರೆ ಒಂದೇ ಸರ್ವರ್‌ನಲ್ಲಿ ನಿಮ್ಮಂತಹ ನೂರಾರು ತಾಣಗಳು. ಅಗ್ಗ, ಸಂಘಕ್ಕೆ ಸಾಕು. ಆದರೆ ಪಕ್ಕದ ತಾಣಕ್ಕೆ ಜನ ನುಗ್ಗಿದರೆ ನಿಮ್ಮದು ನಿಧಾನವಾಗಬಹುದು. ವಿಪಿಎಸ್ ಎಂದರೆ ಅದೇ ಸರ್ವರ್‌ನಲ್ಲಿ ನಿಮಗೆಂದು ಬೇರ್ಪಡಿಸಿದ ಪಾಲು. ಡೆಡಿಕೇಟೆಡ್ ಎಂದರೆ ಇಡೀ ಯಂತ್ರವೇ ನಿಮ್ಮದು. ಕ್ಲೌಡ್ ಎಂದರೆ ಬೇಕಾದಾಗ ಹೆಚ್ಚಿಸಿ, ಬೇಡವಾದಾಗ ಇಳಿಸಿ, ಬಳಸಿದಷ್ಟಕ್ಕೆ ಬಾಡಿಗೆ ಕೊಡುವ ವ್ಯವಸ್ಥೆ. ವಿಪಿಎಸ್‌ನಿಂದ ಮೇಲಿನವುಗಳಲ್ಲಿ ಸಾಮಾನ್ಯವಾಗಿ ಸರ್ವರ್‌ನ ಭದ್ರತೆಯನ್ನು ನೀವೇ ನೋಡಿಕೊಳ್ಳಬೇಕು. ಗೊತ್ತಿರುವವರು ಜೊತೆಗಿಲ್ಲದಿದ್ದರೆ ಅತ್ತ ಹೋಗಬೇಡಿ.

ಸರ್ವರ್ ಇರುವ ಊರೂ ಮುಖ್ಯ. ಓದುಗರು ಹೆಚ್ಚಾಗಿ ಕರ್ನಾಟಕದವರಾದರೆ ಭಾರತದೊಳಗಿನ ಡೇಟಾ ಸೆಂಟರ್ ಆರಿಸಿ. ಅಮೆಜಾನ್, ಗೂಗಲ್‌ನವರಿಗೆ ಮುಂಬೈಯಲ್ಲಿ, ಡಿಜಿಟಲ್ ಓಷನ್‌ನವರಿಗೆ ಬೆಂಗಳೂರಿನಲ್ಲೇ ಸರ್ವರ್‌ಗಳಿವೆ. ಅಮೆರಿಕದಲ್ಲಿಟ್ಟ ತಾಣ ತೆರೆಯುವುದೇ ಇಲ್ಲವೆಂದಲ್ಲ, ಪ್ರತಿಯೊಂದು ಕೋರಿಕೆಯೂ ಸಮುದ್ರ ದಾಟಿ ಬರುವ ವಿಳಂಬವಿರುತ್ತದೆ. ಆ ವಿಳಂಬಕ್ಕೆ ಲೇಟೆನ್ಸಿ ಎನ್ನುತ್ತಾರೆ. ಓದುಗರು ದುಬೈ, ಲಂಡನ್, ಅಮೆರಿಕಗಳಲ್ಲೂ ಹರಡಿದ್ದರೆ ಸಿಡಿಎನ್ ಬಳಸಬಹುದು. ಅದು ನಿಮ್ಮ ಪುಟದ ಪ್ರತಿಗಳನ್ನು ಹಲವು ದೇಶಗಳಲ್ಲಿಟ್ಟು ಹತ್ತಿರದ ಪ್ರತಿಯನ್ನೇ ಕೊಡುತ್ತದೆ.

ಬ್ಯಾಂಡ್‌ವಿಡ್ತ್ ಎಂದು ಪ್ಯಾಕೇಜುಗಳಲ್ಲಿ ಬರೆದಿರುವುದು ತಿಂಗಳಿಗೆ ಎಷ್ಟು ಮಾಹಿತಿ ಹೊರಗೆ ಹೋಗಬಹುದು ಎಂಬ ಮಿತಿ. ಲೆಕ್ಕ ಸುಲಭ: ಒಂದು ಪುಟ 2 ಎಂಬಿ ಇದ್ದು ತಿಂಗಳಿಗೆ 1,000 ಸಲ ತೆರೆದರೆ ಸುಮಾರು 2 ಜಿಬಿ. ಮೊಬೈಲ್‌ನಲ್ಲಿ ತೆಗೆದ 4 ಎಂಬಿಯ ಚಿತ್ರಗಳನ್ನು ಹಾಗೆಯೇ ಹತ್ತು ಹಾಕಿದಿರೋ, ಆ ಒಂದು ಪುಟವೇ 40 ಎಂಬಿ. ವಾರ್ಷಿಕೋತ್ಸವದ ಫೋಟೋಗಳನ್ನು 1,200 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವೆಬ್‌ಪಿ ರೂಪದಲ್ಲಿ ಉಳಿಸಿ ಹಾಕಿ. ಹಳ್ಳಿಯ ನೆಟ್‌ವರ್ಕ್‌ನಲ್ಲಿ ನೋಡುವವರಿಗೂ ಉಪಕಾರ. ‘ಅನ್‌ಲಿಮಿಟೆಡ್’ ಎಂದು ಬರೆದಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಐನೋಡ್ ಎಂಬ ಹೆಸರಿನಲ್ಲಿ ಕಡತಗಳ ಸಂಖ್ಯೆಗೆ ಮಿತಿ ಇರುತ್ತದೆ. ವರ್ಡ್‌ಪ್ರೆಸ್ ಒಂದೇ ಸಾವಿರಾರು ಕಡತಗಳನ್ನು ತರುತ್ತದೆ.

ಹಳೆಯ ಸಂಚಿಕೆಗಳ ಸ್ಕ್ಯಾನ್ ಪಿಡಿಎಫ್‌ಗಳು ದೊಡ್ಡವಾಗಿರುತ್ತವೆ. ಹಕ್ಕು ಸಂಘದ್ದೇ ಆಗಿದ್ದರೆ ಅವನ್ನು ಇಂಟರ್ನೆಟ್ ಆರ್ಕೈವ್ ಎಂಬ ಡಿಜಿಟಲ್ ಗ್ರಂಥಾಲಯಕ್ಕೆ ಏರಿಸಿ, ನಿಮ್ಮ ತಾಣದಿಂದ ಕೊಂಡಿ ಕೊಡಿ. ಅಲ್ಲಿ ಶುಲ್ಕವಿಲ್ಲ, ಸಾವಿರಾರು ಹಳೆಯ ಕನ್ನಡ ಪುಸ್ತಕಗಳು ಈಗಾಗಲೇ ಇವೆ.

ಮೂರನೆಯ ಹೆಜ್ಜೆ: ಡಿಎನ್‌ಎಸ್‌ನಲ್ಲಿ ಎರಡನ್ನೂ ಜೋಡಿಸುವುದು

ಹೊಸಬರು ಹೆಚ್ಚು ಹೆದರುವುದು ಇಲ್ಲಿ. ಹೆದರಿಕೆಗೆ ಕಾರಣವಿಲ್ಲ. ಮೊದಲ ದಿನಗಳಲ್ಲಿ ಜಾಲದ ಎಲ್ಲ ಕಂಪ್ಯೂಟರ್‌ಗಳ ಹೆಸರೂ ವಿಳಾಸವೂ ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಅದನ್ನು ಕೈಯಾರೆ ತಿದ್ದುತ್ತಿದ್ದರು. ಜಾಲ ಬೆಳೆದಂತೆ ಅದು ಅಸಾಧ್ಯವಾದಾಗ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದರು. ಅಂದಿನಿಂದ ಪ್ರತಿಯೊಂದು ಡೊಮೇನ್‌ನ ದಾಖಲೆಗಳನ್ನು ಅದರ ಒಡೆಯರೇ ತಿದ್ದಿಕೊಳ್ಳುತ್ತಾರೆ.

ಆ ದಾಖಲೆಗಳನ್ನು ಇಟ್ಟುಕೊಳ್ಳುವ ಸರ್ವರ್ ನೇಮ್‌ಸರ್ವರ್. ಜೋಡಣೆಗೆ ಎರಡು ದಾರಿಗಳಿವೆ. ಒಂದು, ರಿಜಿಸ್ಟ್ರಾರ್ ಖಾತೆಯಲ್ಲಿ ನೇಮ್‌ಸರ್ವರ್ ಹೆಸರುಗಳನ್ನು ಅಳಿಸಿ ಹೋಸ್ಟಿಂಗ್ ಕಂಪನಿ ಕೊಟ್ಟ ಎರಡು ಹೆಸರು ಹಾಕುವುದು. ಇನ್ನೊಂದು, ನೇಮ್‌ಸರ್ವರ್ ಇದ್ದಲ್ಲೇ ಬಿಟ್ಟು, ಹೆಸರಿಗೆ ಐಪಿ ವಿಳಾಸ ಹೇಳುವ ‘ಎ’ ದಾಖಲೆಯನ್ನು ಮಾತ್ರ ಬದಲಿಸುವುದು. ನಾನು ಎರಡನೆಯದನ್ನೇ ಹೇಳುತ್ತೇನೆ. ಮೊದಲ ದಾರಿಯಲ್ಲಿ ನಿಮ್ಮ ಹಳೆಯ ದಾಖಲೆಗಳೆಲ್ಲ, ಇಮೇಲ್‌ನದ್ದೂ ಸೇರಿ, ಹಿಂದುಳಿಯುತ್ತವೆ; ತಾಣ ಚೆನ್ನಾಗಿ ತೆರೆಯುತ್ತಿದ್ದರೂ ಇಮೇಲ್ ನಿಂತುಹೋಗಿ ಕಾರಣ ಹುಡುಕುತ್ತಾ ಕೂರಬೇಕಾಗುತ್ತದೆ.

ರಿಜಿಸ್ಟ್ರಾರ್ ಖಾತೆಯ ಡಿಎನ್‌ಎಸ್ ಪುಟ ತೆರೆದರೆ ನಾಲ್ಕು ಖಾನೆಗಳ ಒಂದು ಸಾಲು ಕಾಣುತ್ತದೆ. ಮೊದಲ ಖಾನೆಯಲ್ಲಿ ದಾಖಲೆಯ ಬಗೆ: ‘ಎ’ ಆರಿಸಿ. ಎರಡನೆಯದರಲ್ಲಿ ಹೆಸರು: ‘@’ ಚಿಹ್ನೆ ಹಾಕಿದರೆ ಡೊಮೇನ್‌ಗೇ ಎಂದರ್ಥ. ಮೂರನೆಯದರಲ್ಲಿ ಹೋಸ್ಟಿಂಗ್‌ನವರು ಕೊಟ್ಟ ಐಪಿ, ನಮ್ಮ ಉದಾಹರಣೆಯಲ್ಲಿ 203.0.113.25. ನಾಲ್ಕನೆಯದು ಟಿಟಿಎಲ್: 3600. ಉಳಿಸಿ. ಇನ್ನೊಂದು ಸಾಲು ಸೇರಿಸಿ ಬಗೆ ‘ಸಿನೇಮ್’, ಹೆಸರು ‘ಡಬ್ಲ್ಯುಡಬ್ಲ್ಯುಡಬ್ಲ್ಯು’, ಮೂರನೆಯ ಖಾನೆಯಲ್ಲಿ ನಿಮ್ಮಹೆಸರು.ಇನ್ ಹಾಕಿದರೆ ಎರಡೂ ರೀತಿ ಬರೆದವರಿಗೆ ತಾಣ ಸಿಗುತ್ತದೆ. ಐಪಿವಿ6 ಕೊಟ್ಟಿದ್ದರೆ ಅದಕ್ಕೆ ‘ಎಎಎಎ’ ಎಂಬ ಬಗೆ. ‘ಎಂಎಕ್ಸ್’ ಎಂಬುದು ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ದಾಖಲೆ, ‘ಟಿಎಕ್ಸ್‌ಟಿ’ ಪರಿಶೀಲನೆಯ ಟಿಪ್ಪಣಿಗಳಿಗೆ.

ಟಿಟಿಎಲ್ ಎಂಬುದು ಸೆಕೆಂಡುಗಳ ಲೆಕ್ಕ. ಒಮ್ಮೆ ಪಡೆದ ಉತ್ತರವನ್ನು ಬೇರೆ ಸರ್ವರ್‌ಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂಬುದು ಅದು. 3600 ಎಂದರೆ ಒಂದು ಗಂಟೆ, 86400 ಎಂದರೆ ಒಂದು ದಿನ. ‘ಬದಲಾವಣೆ ಹರಡಲು 48 ಗಂಟೆ ಬೇಕು’ ಎಂದು ಹೇಳುವುದರ ಹಿಂದೆ ಇರುವುದು ಈ ನೆನಪೇ. ಅಲ್ಲಿಯವರೆಗೆ ನಿಮ್ಮ ಮನೆಯಲ್ಲಿ ಹೊಸ ತಾಣ, ಪಕ್ಕದ ಮನೆಯಲ್ಲಿ ಹಳೆಯದು ಕಾಣುವುದು ಸಹಜ.

ನಾಲ್ಕನೆಯ ಹೆಜ್ಜೆ: ಕಡತಗಳನ್ನು ಏರಿಸುವುದು

ಹೋಸ್ಟಿಂಗ್‌ನವರು ಕೊಡುವ ನಿಯಂತ್ರಣ ಪುಟ ಸಿಪ್ಯಾನೆಲ್ ಅಥವಾ ಅದರಂಥದ್ದು. ಅದರ ಫೈಲ್ ಮ್ಯಾನೇಜರ್‌ನಲ್ಲಿ ‘ಪಬ್ಲಿಕ್_ಎಚ್‌ಟಿಎಂಎಲ್’ ಎಂಬ ಫೋಲ್ಡರ್ ಇರುತ್ತದೆ. ಜಗತ್ತಿಗೆ ಕಾಣುವುದು ಅದರೊಳಗೆ ಇಟ್ಟದ್ದು ಮಾತ್ರ. ‘ಇಂಡೆಕ್ಸ್’ ಎಂಬ ಹೆಸರಿನ ಕಡತ ಮುಖಪುಟವಾಗುತ್ತದೆ. ಹೆಚ್ಚು ಕಡತಗಳಿದ್ದರೆ ಫೈಲ್‌ಜಿಲ್ಲಾದಂತಹ ತಂತ್ರಾಂಶದಿಂದ ಏರಿಸಿ. ಕಡತ ಸಾಗಿಸುವ ಹಳೆಯ ವಿಧಾನವಾದ ಎಫ್‌ಟಿಪಿ, ಪಾಸ್‌ವರ್ಡನ್ನು ಬಯಲಲ್ಲೇ ಸಾಗಿಸುತ್ತದೆ, ಆದ್ದರಿಂದ ಗುಪ್ತಲಿಪಿಯಲ್ಲಿ ಸಾಗಿಸುವ ಎಸ್‌ಎಫ್‌ಟಿಪಿ ಆರಿಸಿ. ವರ್ಡ್‌ಪ್ರೆಸ್ ಆದರೆ ಒಂದೇ ಕ್ಲಿಕ್ಕಿನ ಸ್ಥಾಪನೆ ಇರುತ್ತದೆ. ಬಳಕೆದಾರನ ಹೆಸರು ‘ಅಡ್ಮಿನ್’ ಎಂದಿಡಬೇಡಿ, ದಾಳಿ ಮಾಡುವವರು ಮೊದಲು ಪ್ರಯತ್ನಿಸುವ ಹೆಸರುಗಳಲ್ಲಿ ಅದೂ ಒಂದು.

ಐದನೆಯ ಹೆಜ್ಜೆ: ಎಸ್‌ಎಸ್‌ಎಲ್

ಎಚ್‌ಟಿಟಿಪಿಎಸ್ ನಡೆಯಲು ಬೇಕಾದ ಪ್ರಮಾಣಪತ್ರವನ್ನು ಎಲ್ಲರೂ ಎಸ್‌ಎಸ್‌ಎಲ್ ಎನ್ನುತ್ತಾರೆ. ಇಂದು ಒಳಗೆ ಕೆಲಸ ಮಾಡುವುದು ಅದರ ಮುಂದಿನ ರೂಪವಾದ ಟಿಎಲ್‌ಎಸ್. 2018ರ ಜುಲೈಯಿಂದ ಕ್ರೋಮ್ ಇದಿಲ್ಲದ ತಾಣಗಳನ್ನೆಲ್ಲ ‘ಸುರಕ್ಷಿತವಲ್ಲ’ ಎಂದು ತೋರಿಸುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಇದನ್ನು ಉಚಿತವಾಗಿ ಕೊಡುತ್ತಿದೆ. ಸಂಘದ ತಾಣಕ್ಕೆ ಹಣದ ಪ್ರಮಾಣಪತ್ರ ಬೇಕಾಗಿಲ್ಲ. ಉಚಿತ ಪ್ರಮಾಣಪತ್ರಗಳ ಅವಧಿ ಕೆಲವೇ ವಾರಗಳದ್ದು ಅಥವಾ ತಿಂಗಳುಗಳದ್ದು. ಆದ್ದರಿಂದ ತಾನೇ ನವೀಕರಣವಾಗುವ ಸೌಲಭ್ಯ ಚಾಲೂ ಇದೆಯೇ ಎಂದು ನೋಡಿ. ಎಸ್‌ಎಸ್‌ಎಲ್ ಇದೆ ಎಂಬುದರಿಂದ ತಾಣ ಪ್ರಾಮಾಣಿಕ ಎಂದಾಗದು, ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ.

ಕನ್ನಡ ಅಕ್ಷರಗಳು ಒಡೆದು ಕಂಡರೆ

ಇಂಗ್ಲಿಷ್ ತಾಣಗಳಿಗಿಂತ ನಮ್ಮಂಥವರಿಗೆ ಹೆಚ್ಚಾಗಿ ಎದುರಾಗುವ ತೊಂದರೆ ಇದು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಟ್ಟಿರುವ ಪಟ್ಟಿ ಯುನಿಕೋಡ್. ಆ ಸಂಖ್ಯೆಗಳನ್ನು ಕಡತದಲ್ಲಿ ಬರೆದಿಡುವ ರೀತಿ ಯುಟಿಎಫ್-8. ಅದರಲ್ಲಿ ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಮೈಸೂರು’ ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಆದರೆ ಮ, ಐತ್ವ, ಸ, ಊತ್ವ, ರ, ಉತ್ವ ಎಂದು 6 ಸಂಕೇತ, 18 ಬೈಟ್. ಇದೇ ಪದವಿರುವ ವಿಳಾಸವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದರೆ ಪ್ರತಿ ಬೈಟೂ ಶೇಕಡಾ ಚಿಹ್ನೆಯ ಜೊತೆ ಎರಡು ಅಕ್ಷರವಾಗಿ ಒಟ್ಟು 54 ಚಿಹ್ನೆಗಳ ಉದ್ದನೆಯ ಬಾಲವಾಗುತ್ತದೆ. ಅದು ದೋಷವಲ್ಲ, ಒತ್ತಿದರೆ ಸರಿಯಾಗಿಯೇ ತೆರೆಯುತ್ತದೆ. ಆದರೂ ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಪುಟಗಳಿಗೆ ರೋಮನ್ ಲಿಪಿಯ ಚಿಕ್ಕ ವಿಳಾಸ ಕೊಡುವುದು ಒಳ್ಳೆಯದು.

ಅಕ್ಷರ ಕೆಟ್ಟು ಕಂಡಾಗ ಯಾವ ರೀತಿ ಕೆಟ್ಟಿದೆ ಎಂದು ನೋಡಿ, ರೋಗ ಅದರಲ್ಲೇ ಗೊತ್ತಾಗುತ್ತದೆ. ಖಾಲಿ ಚೌಕಗಳು ಕಂಡರೆ ಬರಹ ಸರಿಯಾಗಿದೆ, ನೋಡುವವರ ಯಂತ್ರದಲ್ಲಿ ಕನ್ನಡ ಫಾಂಟ್ ಇಲ್ಲ. ನೋಟೊ ಸ್ಯಾನ್ಸ್ ಕನ್ನಡದಂತಹ ವೆಬ್ ಫಾಂಟ್ ಜೋಡಿಸಿ. ಒತ್ತು, ಗೀಟು ಹಾಕಿದ ವಿಚಿತ್ರ ರೋಮನ್ ಅಕ್ಷರಗಳ ಗುಂಪು ಕಂಡರೆ ಬರಹ ಒಳಗೆ ಜೋಪಾನವಾಗಿದೆ, ಬ್ರೌಸರ್ ತಪ್ಪು ಸಂಕೇತದಲ್ಲಿ ಓದುತ್ತಿದೆ. ಪುಟದ ತಲೆಯಲ್ಲಿ ಯುಟಿಎಫ್-8 ಎಂದು ಘೋಷಿಸಿದರೆ ಬಹುಮಟ್ಟಿಗೆ ಸರಿಯಾಗುತ್ತದೆ. ಸಾಲುಗಟ್ಟಿ ಪ್ರಶ್ನಾರ್ಥಕ ಚಿಹ್ನೆಗಳೇ ಕಂಡರೆ ಮಾತ್ರ ಎದೆ ಧಸಕ್ಕೆನ್ನುವ ಸಂಗತಿ. ಡೇಟಾಬೇಸ್ ಕನ್ನಡವನ್ನು ಒಪ್ಪದ ಸಂಕೇತದಲ್ಲಿ ಇದ್ದುದರಿಂದ ಅಕ್ಷರದ ಬದಲು ನಿಜವಾಗಿಯೂ ಪ್ರಶ್ನಾರ್ಥಕ ಚಿಹ್ನೆಯನ್ನೇ ಉಳಿಸಿಕೊಂಡಿರುವ ಸಂಭವ ಹೆಚ್ಚು. ಹಾಗಾಗಿದ್ದರೆ ಅದನ್ನು ಮರಳಿ ಪಡೆಯಲಾಗದು, ಮೂಲ ಪ್ರತಿಯಿಂದ ಮತ್ತೆ ಹಾಕಬೇಕು. ಡೇಟಾಬೇಸ್ ಮಾಡುವಾಗಲೇ ‘ಯುಟಿಎಫ್8ಎಂಬಿ4’ ಎಂಬುದನ್ನು ಆರಿಸಿದರೆ ಈ ಕಷ್ಟ ಬರುವುದಿಲ್ಲ.

ಹಳೆಯ ಸಂಚಿಕೆಗಳನ್ನು ಡಿಟಿಪಿ ಮಾಡಿದ ಕಡತಗಳು ಸಿಕ್ಕರೆ ಇನ್ನೊಂದು ಸಂಗತಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬೆರಳಚ್ಚಾದ ಬರಹ ಯುನಿಕೋಡ್ ಆಗಿರುವುದಿಲ್ಲ. ಆ ಫಾಂಟ್ ಇಲ್ಲದ ಕಡೆ ಅದು ರೋಮನ್ ಅಕ್ಷರಗಳ ರಾಶಿ. ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಿ, ಆಮೇಲೆ ತಾಣಕ್ಕೆ ಹಾಕಿ. ಬೇಸರದ ಕೆಲಸ ನಿಜ. ಆದರೆ ಯುನಿಕೋಡ್‌ನಲ್ಲಿದ್ದರೆ ಮಾತ್ರ ಗೂಗಲ್‌ನಲ್ಲಿ ಹುಡುಕಿದವರಿಗೆ ನಿಮ್ಮ ಊರಿನ ಲೇಖಕರ ಹೆಸರು ಸಿಗುತ್ತದೆ.

ಬ್ಯಾಕಪ್

ಕಡತಗಳು ಮತ್ತು ಡೇಟಾಬೇಸ್ ಎರಡರ ಪ್ರತಿಯೂ ಬೇಕು. ವರ್ಡ್‌ಪ್ರೆಸ್‌ನಲ್ಲಿ ಚಿತ್ರಗಳು ಕಡತವಾಗಿ, ಬರಹಗಳು ಡೇಟಾಬೇಸ್‌ನಲ್ಲಿ ಇರುತ್ತವೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬುದು ವೃತ್ತಿಪರರ ನಿಯಮ. ಹೋಸ್ಟಿಂಗ್‌ನವರು ಇಟ್ಟ ಪ್ರತಿ ಅವರದೇ ಸರ್ವರ್‌ನಲ್ಲಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ವರ್ಷಕ್ಕೊಮ್ಮೆ ಬ್ಯಾಕಪ್‌ನಿಂದ ತಾಣವನ್ನು ಮತ್ತೆ ಕಟ್ಟಿ ನೋಡಿ. ತೆರೆದು ನೋಡದ ಬ್ಯಾಕಪ್ ಇದೆ ಎಂದು ನಂಬಿ ಕೂರುವುದು ಅಪಾಯ. ಹೊಸ ಬರಹ ಹಾಕಿದಾಗ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಆ ಪುಟವನ್ನು ಉಳಿಸುವ ಅಭ್ಯಾಸವೂ ಇರಲಿ, ಖರ್ಚಿಲ್ಲ.

ತಾಣ ತೆರೆಯದಿದ್ದರೆ ಯಾರನ್ನು ಕೇಳಬೇಕು

ಬ್ರೌಸರ್ ‘ಈ ಹೆಸರು ಸಿಗಲಿಲ್ಲ’ ಎಂದರೆ ತೊಂದರೆ ಡೊಮೇನ್ ಅಥವಾ ಡಿಎನ್‌ಎಸ್‌ನಲ್ಲಿದೆ. ಮೊದಲು ಅವಧಿ ಮುಗಿದಿದೆಯೇ ಎಂದು ಹೂಇಸ್ (ಡೊಮೇನ್ ನೋಂದಣಿಯ ವಿವರ ತೋರಿಸುವ) ಹುಡುಕಾಟದಲ್ಲಿ ನೋಡಿ, ಆಮೇಲೆ ರಿಜಿಸ್ಟ್ರಾರ್‌ಗೆ ಕರೆ ಮಾಡಿ. ಸಂಖ್ಯೆಯ ದೋಷ ಕಂಡರೆ ಡಿಎನ್‌ಎಸ್ ಬಹುತೇಕ ಸರಿಯಿದೆ, ಯಾವುದೋ ಸರ್ವರ್ ಉತ್ತರ ಕೊಡುತ್ತಿದೆ ಎಂದರ್ಥ. 404 ಎಂದರೆ ಆ ಪುಟ ಇಲ್ಲ: ಹೆಸರು ಬದಲಾಗಿದೆ ಅಥವಾ ಅಳಿಸಿದ್ದೀರಿ. ಪುಟದ ವಿಳಾಸ ಬದಲಿಸಲೇಬೇಕಾದರೆ 301 ಎಂಬ ಶಾಶ್ವತ ಮರುನಿರ್ದೇಶನ ಹಾಕಿ, ಹಳೆಯ ಕೊಂಡಿಗಳು ಸಾಯುವುದಿಲ್ಲ. 403 ಎಂದರೆ ಕಡತ ಓದಲು ಅನುಮತಿ ಇಲ್ಲ. ಅನುಮತಿಯ ಸಂಖ್ಯೆ ಸಾಮಾನ್ಯವಾಗಿ ಫೋಲ್ಡರ್‌ಗೆ 755, ಕಡತಕ್ಕೆ 644 ಇರಬೇಕು. 500 ಎಂದರೆ ಸರ್ವರ್‌ನೊಳಗಿನ ದೋಷ. ಇತ್ತೀಚೆಗೆ ಹಾಕಿದ ಪ್ಲಗಿನ್ ತೆಗೆದು ನೋಡಿ. 503 ಎಂದರೆ ಸರ್ವರ್‌ಗೆ ಸದ್ಯ ಕೆಲಸ ಹೆಚ್ಚಾಗಿದೆ ಅಥವಾ ದುರಸ್ತಿ ನಡೆದಿದೆ. ಕೊನೆಯ ಎರಡರ ವಿಷಯದಲ್ಲಿ ಹೋಸ್ಟಿಂಗ್‌ನವರಿಗೆ ಬರೆಯುವಾಗ ಸಮಯ, ಪುಟದ ವಿಳಾಸ, ಕಂಡ ಸಂಖ್ಯೆ ಮೂರನ್ನೂ ಬರೆಯಿರಿ. ‘ಓಪನ್ ಆಗುತ್ತಿಲ್ಲ’ ಎಂದಷ್ಟೇ ಬರೆದರೆ ಅವರು ಅದೇ ಮೂರನ್ನು ಮರಳಿ ಕೇಳುತ್ತಾರೆ, ಒಂದು ದಿನ ಹೋಗುತ್ತದೆ.

ಹೋಸ್ಟಿಂಗ್ ಬದಲಿಸುವಾಗ

ಸೇವೆ ಸರಿಯಿಲ್ಲವೆಂದರೆ ಬಿಟ್ಟು ಹೋಗುವ ಸ್ವಾತಂತ್ರ್ಯ ನಿಮಗಿದೆ. ಡೊಮೇನ್ ನಿಮ್ಮ ಹೆಸರಿನಲ್ಲಿದ್ದರೆ ವಿಳಾಸ ಬದಲಾಗುವುದೇ ಇಲ್ಲ. ಹೋಗುವ ಎರಡು ದಿನ ಮೊದಲು ಟಿಟಿಎಲ್ ಅನ್ನು 300ಕ್ಕೆ ಇಳಿಸಿ. ಬ್ಯಾಕಪ್ ತೆಗೆದು ಹೊಸ ಸರ್ವರ್‌ನಲ್ಲಿ ತಾಣ ಕಟ್ಟಿ, ಹೋಸ್ಟಿಂಗ್‌ನವರು ಕೊಡುವ ತಾತ್ಕಾಲಿಕ ವಿಳಾಸದಲ್ಲಿ ಪ್ರತಿಯೊಂದು ವಿಭಾಗವನ್ನೂ ತೆರೆದು ನೋಡಿ. ಆಮೇಲೆ ‘ಎ’ ದಾಖಲೆಯ ಐಪಿ ಬದಲಿಸಿ. ಎಂಎಕ್ಸ್ ದಾಖಲೆ ಮುಟ್ಟಬೇಡಿ. ಆದರೆ ಇಮೇಲ್ ಕೂಡ ಹಳೆಯ ಹೋಸ್ಟಿಂಗ್‌ನಲ್ಲೇ ಇದ್ದರೆ ಮೊದಲು ಅದನ್ನು ಬೇರೆ ಕಡೆಗೆ ಸಾಗಿಸಬೇಕು. ಆ ದಿನ ಹಳೆಯ ತಾಣದಲ್ಲಿ ಹೊಸ ಬರಹ ಹಾಕದಂತೆ ಎಲ್ಲರಿಗೂ ತಿಳಿಸಿ, ಇಲ್ಲದಿದ್ದರೆ ಅದು ಹಳೆಯ ಸರ್ವರ್‌ನಲ್ಲೇ ಉಳಿದುಬಿಡುತ್ತದೆ. ಹೊಸ ಸರ್ವರ್‌ನಲ್ಲಿ ಎಸ್‌ಎಸ್‌ಎಲ್ ಪಡೆಯಿರಿ, ಟಿಟಿಎಲ್ ಅನ್ನು ಮತ್ತೆ 3600ಕ್ಕೆ ಏರಿಸಿ. ಹಳೆಯ ಖಾತೆಯನ್ನು ಕೂಡಲೇ ಮುಚ್ಚಬೇಡಿ. ಅದರ ಲಾಗ್ ಕಡತದಲ್ಲಿ ಓದುಗರ ಭೇಟಿಗಳು ಪೂರ್ತಿ ನಿಂತಿವೆಯೇ ಎಂದು ಒಂದೆರಡು ವಾರ ನೋಡಿ, ಸಂಘದ ಕಂಪ್ಯೂಟರ್‌ನಲ್ಲಿ ಕೊನೆಯ ಬ್ಯಾಕಪ್ ತೆರೆದು ಖಚಿತಪಡಿಸಿಕೊಂಡು, ಆಮೇಲೆ ರದ್ದು ಮಾಡಿ.